ಬಾತುಕೋಳಿಯ ಎಡಗಡೆ

ಮಾರ್ಚ್ ೩

ಮಾವನವರಿಗೆ,

‘ತಿರುಗಲು ಬಾರದವನಿಗೆ ದಾರಿಯೆಲ್ಲಾ ನೇರ’ ಎಂಬ ಸಾಲೊಂದು ಬೆಳಿಗ್ಗೆಯಿಂದ ತಲೆಯೊಳಗೆ ಸುಳಿದಾಡುತ್ತಿದೆ. ಅದರ ಮುಂದಿನ ಸಾಲು ನೆನಪಿಗೆ ಬರುತ್ತಿಲ್ಲ. ಯಾವುದೋ ಕವಿತೆಯದಿರಬೇಕು ಎಂದು ನನ್ನ ಪುಸ್ತಕಗಳನ್ನೆಲ್ಲ ತಡಕಾಡಿದೆ, ಸಿಗಲಿಲ್ಲ. ಕೇಳಿದ್ದು ಮಾತ್ರ ನಿಮ್ಮ ಬಾಯಿಂದ, ಅದೂ ನೀವು ಗಾಡಿಯ ಕೆಳಗೆ ಅಂಗಾತ ಮಲಗಿದ್ದಾಗ. ಇಷ್ಟು ಖಚಿತ. ಆದರೆ ಆ ಮಾತು ನಿಜವೇ? ಒಂದು ತಿಂಗಳಿನಿಂದ ನನ್ನ ಗಾಡಿಗೆ ಎಡಕ್ಕೆ ತಿರುಗಲು ಬರುತ್ತಿಲ್ಲ. ಅದರಿಂದ ಯಾವ ದಾರಿಯೂ ನೇರವಾಗಿಲ್ಲ, ನೇರವಿದ್ದವೂ ಸುತ್ತುಬಳಸಾಗಿವೆ.

ನಿಮ್ಮ ಮಗನಿಂದ ಬೇರೆಯಾದ ಮೇಲೆ ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಇಷ್ಟು ವರ್ಷಗಳ ಮೇಲೆ ಕ್ಷೇಮ ಸಮಾಚಾರವನ್ನೂ ಕೇಳದೆ ಹೀಗೆ ಶುರುಮಾಡಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಕ್ಷೇಮ ಕೇಳುವ ಕಾಗದವನ್ನು ಬರೆದು ಬರೆದು ಹರಿದೆ. ಗಾಡಿಯ ಕಾಗದ ಒಂದೇ ಉಸಿರಿಗೆ ಬಂತು.

ಆಮೆಯ ವಿಷಯ. ನೀವು ಆರೋಗ್ಯ ಇಲಾಖೆಯ ಗ್ಯಾರೇಜಿನಲ್ಲಿದ್ದಾಗ ಗುಜರಿಯಿಂದ ಎಬ್ಬಿಸಿ, ಹಸಿರು ಬಣ್ಣ ಬಳಿದು, ಓಡಿಸಲು ಕಲಿಸಿ ನನ್ನ ಕೈಗಿತ್ತ ಅದೇ ಆರು ಚಕ್ರದ ಆಮೆ. ಇನ್ನೂ ಜವುಗು ದಾಟುತ್ತಿದೆ. ನೀರು ತುಂಬಿದಾಗ ದೋಣಿಯಾಗುತ್ತದೆ, ನೀರು ಇಳಿದು ಬರೀ ಕೆಸರಾದಾಗ ಎಮ್ಮೆಯಾಗುತ್ತದೆ. ಲಸಿಕೆಯ ಪೆಟ್ಟಿಗೆ ಹೊತ್ತುಕೊಂಡು ಆಚೆ ದಡದ ಆರೋಗ್ಯ ಕೇಂದ್ರಕ್ಕೆ ಹೋಗುತ್ತೇನೆ, ಬರುವಾಗ ದಿನ ತುಂಬಿದ ಹೆಂಗಸರನ್ನು, ಮೈ ಸುಡುವ ಮಕ್ಕಳನ್ನು ಕೂರಿಸಿಕೊಂಡು ಈಚೆಯ ಆಸ್ಪತ್ರೆಗೆ ತರುತ್ತೇನೆ. ಬೇರೆ ಯಾವ ಬಂಡಿಯೂ ಅಲ್ಲಿ ನಡೆಯುವುದಿಲ್ಲ, ನಿಮಗೇ ಗೊತ್ತು.

ಹೊಸದಾಗಿ ಬಂದ ಸಹಾಯಕಿಗೆ ವಿವರಿಸುತ್ತಿದ್ದೆ. ಇದಕ್ಕೆ ಸ್ಟೀರಿಂಗ್ ಇಲ್ಲ, ಎರಡು ಲಿವರ್ ಮಾತ್ರ. ಎಡದ್ದನ್ನು ಎಳೆದರೆ ಎಡಗಡೆಯ ಮೂರು ಚಕ್ರ ನಿಲ್ಲುತ್ತವೆ, ಬಲಗಡೆಯ ಮೂರು ತಳ್ಳುತ್ತವೆ, ಗಾಡಿ ಎಡಕ್ಕೆ ಹೊರಳುತ್ತದೆ ಎಂದೆ.

“ಎಲ್ಲಿ, ಎಳೀರಿ ಸಿಸ್ಟರ್, ನೋಡೋಣ” ಅಂದಳು.

ಎಳೆದೆ. ಒಳಗೆ ಯಾರೋ ಕಲ್ಲು ಅಗಿದ ಹಾಗೆ ಸದ್ದಾಯಿತು. ಆಮೆ ನೆಟ್ಟಗೆ ಹೋಗಿ ಸೌದೆ ರಾಶಿಗೆ ಮುಖ ಕೊಟ್ಟಿತು.

ಇಲ್ಲಿನ ಮೆಕ್ಯಾನಿಕ್ ಗೇರ್‌ಬಾಕ್ಸ್ ಬಿಚ್ಚಿದ. ಒಂದು ಗೇರಿನ ಹಲ್ಲುಗಳು ಉದುರಿ ಎಣ್ಣೆಯಲ್ಲಿ ಬಿದ್ದಿದ್ದವು. “ಈ ಗಾಡಿ ಮಾಡಿದ ಕಂಪನಿನೇ ಬಾಗಿಲು ಹಾಕ್ಕೊಂಡು ಎಷ್ಟೋ ಕಾಲ ಆಯ್ತು. ಎಲ್ಲಿಂದ ತರ್ಲಿ ನಾನು? ಮಣ್ಣು ತುಂಬಿ ಹೂಕುಂಡ ಮಾಡ್ಕೊಳ್ಳಿ” ಅಂದ.

ಹೊಸ ಅಧಿಕಾರಿಗಳದೂ ಹೆಚ್ಚುಕಡಿಮೆ ಅದೇ ಅಭಿಪ್ರಾಯ. ಜೂನ್‌ನಲ್ಲಿ ಅವರೇ ಬಂದು ಗಾಡಿಯಲ್ಲಿ ಕೂತು ಪರೀಕ್ಷೆ ಮಾಡುತ್ತಾರಂತೆ. ಆಚೆ ಹೋಗಿ ಈಚೆ ಬಂದರೆ ಸರಿ. ಇಲ್ಲವಾದರೆ ಆಮೆ ಗುಜರಿಗೆ, ಆಚೆಯ ಕೇಂದ್ರಕ್ಕೆ ಬೀಗ, ನಾನು ಕಚೇರಿಯ ಮೇಜಿಗೆ.

ಇದರ ಹೊಟ್ಟೆ ಬಲ್ಲವರು ನಿಮ್ಮನ್ನು ಬಿಟ್ಟರೆ ಯಾರೂ ಇಲ್ಲ.

ಇಂತಿ,
ಕೇಂದ್ರದ ಸಿಸ್ಟರ್
(ಬೇರೆ ಏನೆಂದು ಸಹಿ ಹಾಕಬೇಕೋ ತಿಳಿಯಲಿಲ್ಲ)


ಮಾರ್ಚ್ ೧೪

ಸಿಸ್ಟರ್ ಅವರಿಗೆ,

ಕಾಗದ ತಲುಪಿತು. ನಿಮ್ಮ ಪುಸ್ತಕಗಳನ್ನು ತಡಕುವುದು ಬೇಡ. ಅದು ಕವಿತೆಯಲ್ಲ, ರಿಪೇರಿಗೆ ಬಂದಿದ್ದ ಲಾರಿಯ ಹಿಂಬದಿಯಲ್ಲಿದ್ದ ಬರಹ. ಎರಡು ಹಲಗೆ, ಹಲಗೆಗೊಂದು ಸಾಲು. ಕೆಳಗಿನ ಹಲಗೆ ಕೊಳೆತುಹೋಗಿತ್ತು. ಕಿತ್ತು ಹೊಸದು ಹಾಕಿದವನು ನಾನೇ. ಹಳೆಯದನ್ನು ಓದಿ ನೋಡಬೇಕು ಅನ್ನಿಸಲಿಲ್ಲ, ಚಳಿ ಕಾಯಿಸಲು ಒಟ್ಟಿದೆವು. ಎರಡನೆಯ ಸಾಲು ಹೊಗೆಯಾಗಿ ಹೋಯಿತು.

ಹೂಕುಂಡ ಎಂದವನನ್ನು ಇನ್ನು ಗಾಡಿಯ ಹತ್ತಿರ ಸೇರಿಸಬೇಡಿ.

ಮುರಿದಿರುವುದು ತಿರುವಿನ ಗೇರ್. ಬದಿಗೆ ಒಂದರಂತೆ ಎರಡಿರುತ್ತವೆ. ಅವುಗಳ ಹಲ್ಲು ನೇರವಲ್ಲ, ಓರೆ. ಒಂದರದು ಆ ಕಡೆಗೆ ಓರೆ, ಇನ್ನೊಂದರದು ಈ ಕಡೆಗೆ. ನಮ್ಮ ಎರಡು ಅಂಗೈ ಇದ್ದ ಹಾಗೆ. ನೋಡಲು ಒಂದೇ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಹೊಸದಾಗಿ ಮಾಡಿಸುವ ಯೋಚನೆ ಬಿಡಿ. ಆ ಉಕ್ಕಿನ ಹದ ಸಿಗುವುದಿಲ್ಲ, ಮಾಡಿದರೂ ಬೇಗನೇ ಹಲ್ಲುದುರುತ್ತದೆ. ಇಂಥದೇ ಇನ್ನೊಂದು ಗಾಡಿ ಎಲ್ಲಾದರೂ ಸತ್ತು ಬಿದ್ದಿದ್ದರೆ ಅದರ ಹೊಟ್ಟೆಯಿಂದ ತೆಗೆಯಬೇಕು. ಹೋಗಿರುವುದು ಎಡದ್ದೋ ಬಲದ್ದೋ, ಸ್ಪಷ್ಟವಾಗಿ ಬರೆಯಿರಿ.

ನನಗೆ ಈಗ ಗ್ಯಾರೇಜಿಲ್ಲ. ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೇಜು, ಮೂಲೆಯಲ್ಲಿ ಹಳೆಯ ಸಾಮಾನಿನ ಪೆಟ್ಟಿಗೆ. ಮೇಜಿನ ತುಂಬ ಪಕ್ಕದ ಮನೆಯ ಟೈಲರಮ್ಮನ ಹೊಲಿಗೆ ಯಂತ್ರ ಬಿಚ್ಚಿಕೊಂಡು ಬಿದ್ದಿದೆ. ಅದರ ಕೈಚಕ್ರ ಬಿರುಕು ಬಿಟ್ಟಿದೆ. ಅವರದನ್ನು ಮುಗಿಸಿಕೊಟ್ಟು ನಿಮ್ಮದನ್ನು ನೋಡುತ್ತೇನೆ ಎಂದು ಬರೆಯುವುದು ನ್ಯಾಯ. ಆದರೆ ನಿಮ್ಮದನ್ನೇ ಮೊದಲು ನೋಡುತ್ತೇನೆ.

ಆಮೆಯ ಹಸಿರು ಬಣ್ಣ ಇನ್ನೂ ಇದೆಯೋ?

ಇಂತಿ,
ಗ್ಯಾರೇಜಿನವ


ಮಾರ್ಚ್ ೨೩

ಮಾವನವರಿಗೆ,

ಎಡದ್ದು. ನೀವು ಸ್ಪಷ್ಟವಾಗಿ ಎಂದಿರಿ, ಆದ್ದರಿಂದ ಕೆಂಪು ಶಾಯಿಯಲ್ಲಿ ಇನ್ನೊಮ್ಮೆ ಬರೆಯುತ್ತೇನೆ: ಎಡ.

ಹಸಿರು ಬಣ್ಣ ಸೀಟಿನ ಕೆಳಗೆ ಚೆನ್ನಾಗಿಯೇ ಇದೆ. ಹೊರಗೆಲ್ಲ ಕೆಸರಿನದೇ ಬಣ್ಣ.

ಈಗ ಎಡಕ್ಕೆ ಹೋಗಬೇಕಾದಾಗಲೆಲ್ಲ ಬಲಕ್ಕೆ ಮುಕ್ಕಾಲು ಸುತ್ತು ಹಾಕುತ್ತೇನೆ. ಆಚೆ ದಡದ ಮೊದಲ ಮನೆಯಲ್ಲೊಬ್ಬರು ಅಜ್ಜಿಯಿದ್ದಾರೆ. ಜಗಲಿಯಲ್ಲಿ ಕೂತು, “ನೋಡ್ರೇ, ಸಿಸ್ಟರಮ್ಮ ಬುಗುರಿ ಥರ ಬರ್ತಾ ಇದ್ದಾರೆ” ಎಂದು ಸೊಸೆಯರನ್ನು ಕರೆದು ತೋರಿಸುತ್ತಾರೆ. ನಾನೂ ನಗುತ್ತೇನೆ. ಆದರೆ ಕಂಬಗಳ ನಡುವಿನ ಕಾಲುವೆಯಲ್ಲಿ ಸುತ್ತು ಹಾಕುವಷ್ಟು ಜಾಗವಿಲ್ಲ. ಅಲ್ಲಿ ಇಳಿದು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಆಮೆಯ ಮೂತಿ ಎಳೆದು ತಿರುಗಿಸಬೇಕು. ಹಾಗಾಗಿ ಕಾಯಿಲೆಯವರನ್ನು ಕೂರಿಸಿಕೊಳ್ಳುವುದನ್ನು ನಿಲ್ಲಿಸಿದ್ದೇನೆ.

ಕಳೆದ ವಾರ ಅದೇ ಅಜ್ಜಿಯ ಕಿರಿಯ ಸೊಸೆಗೆ ನೋವು ಬಂತು. ಮನೆಯ ಬಾಗಿಲನ್ನೇ ಕಳಚಿ, ಅದರ ಮೇಲೆ ಮಲಗಿಸಿ ಕೆಸರಿನಲ್ಲಿ ಹೊತ್ತು ತಂದರು. ನಾನು ಪಕ್ಕದಲ್ಲಿ ಅವಳ ಕೈ ಹಿಡಿದು ನಡೆದೆ. ಅರ್ಧ ದಾರಿಗೆ ಬರುವಷ್ಟರಲ್ಲಿ ಮಗು ಹೊರಗೆ ಬಂದಾಗಿತ್ತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಪ್ರತಿ ಸಲವೂ ಹೀಗೇ ಆಗುತ್ತದೆ ಎನ್ನುವ ಧೈರ್ಯ ನನಗಿಲ್ಲ.

ನನ್ನನ್ನು ‘ನೀವು’ ಎಂದು ಕರೆದಿದ್ದೀರಿ. ಗಮನಿಸಿದೆ.

ಇಂತಿ,
ಸಿಸ್ಟರ್


ಏಪ್ರಿಲ್ ೨೦

ಸಿಸ್ಟರ್‌ಗೆ,

ತಡವಾಯಿತು. ಸುಮ್ಮನೆ ಕೂತಿರಲಿಲ್ಲ.

ಮೊದಲು ಗುಜರಿ ಬೀದಿಗೆ ಹೋದೆ. ಹಳೆಯ ಪರಿಚಯದವನೊಬ್ಬ ಇದ್ದಾನೆ, ಅಂಗಡಿ ಮಗನಿಗೆ ಬಿಟ್ಟು ಬಾಗಿಲಲ್ಲಿ ಕೂತು ಪೇಪರ್ ಓದುತ್ತಾನೆ. “ಆರು ಚಕ್ರದ್ದಾ? ಅಣ್ಣಾ, ನೀನಿನ್ನೂ ಅದರ ಸಹವಾಸ ಬಿಟ್ಟಿಲ್ವಾ? ಆ ಕಾಲದಲ್ಲೇ ಅದರ ಬಿಡಿಭಾಗ ಸಿಗೋದು ಹುಲಿ ಹಾಲು ತಂದಷ್ಟು ಕಷ್ಟ ಇತ್ತು” ಅಂದ. ಆದರೂ ಮೂರು ವಿಳಾಸ ಕೊಟ್ಟ. ಅವನ ಬಾಯಿ ಕೆಟ್ಟದ್ದು, ನೆನಪು ಒಳ್ಳೆಯದು.

ಮೊದಲನೆಯದು ಕಲ್ಲುಗಣಿ. ಅವರ ಗಾಡಿಯನ್ನು ಕರಗಿಸಿ ಆಗಿತ್ತು. ಎರಡನೆಯದು ಮರದ ಮಿಲ್ಲು. ಅಲ್ಲಿ ಗಾಡಿ ಇದೆ, ಇಂಜಿನ್ನಿನಿಂದ ಗೇರ್‌ಬಾಕ್ಸ್ ತನಕ ಒಳಗಿನದೆಲ್ಲ ಯಾವಾಗಲೋ ಮಾಯವಾಗಿದೆ, ತೊಟ್ಟಿಯಲ್ಲಿ ಮೀನು ಸಾಕಿದ್ದಾರೆ. ಮಾಲೀಕ ನನ್ನ ಮುಖ ನೋಡಿ ಪಾಪ ಅನ್ನಿಸಿ, “ಎರಡು ಮೀನು ತಗೊಂಡು ಹೋಗಿ ಯಜಮಾನ್ರೇ” ಅಂದ. ಮೂರನೆಯ ವಿಳಾಸದಲ್ಲಿ ಈಗ ಮದುವೆ ಛತ್ರ ಇದೆ.

ಮನೆಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಟೈಲರಮ್ಮ ತಮ್ಮ ಯಂತ್ರ ಏನಾಯಿತು ಎಂದು ವಿಚಾರಿಸಲು ಬಂದರು. ಮೇಜಿನ ಮೇಲೆ ನಾನು ಗೀಚಿದ್ದ ಗಾಡಿಯ ಚಿತ್ರ ನೋಡಿದರು. ಅದನ್ನು ಅತ್ತ ಇತ್ತ ತಿರುಗಿಸಿ, “ಇದಕ್ಕೆ ಕೊಕ್ಕು ಇದ್ರೆ ಪರವಾಗಿಲ್ವಾ?” ಎಂದು ಕೇಳಿದರು.

ಯಾವ ಕೊಕ್ಕು?

“ಕೆರೆ ಪಾರ್ಕಿನಲ್ಲಿ ಹಳದಿ ಬಾತುಕೋಳಿ ಇದೆಯಲ್ಲ, ಮಕ್ಕಳು ಹತ್ತಿ ಕೂರ್ತಾರಲ್ಲ, ಅದರ ಹೊಟ್ಟೆ ಇದೇ ಥರ ಇದೆ. ಪಕ್ಕಕ್ಕೆ ಮೂರು ಮೂರು ಚಕ್ರ. ಹುಲ್ಲು ಬೆಳೆದು ಕಾಣಲ್ಲ ಅಷ್ಟೇ.”

ಅವರ ಸ್ಕೂಟರಿನ ಹಿಂದೆ ಕೂತು ಆಗಲೇ ಹೋದೆ. ಹೌದು. ಯಾವನೋ ಪುಣ್ಯಾತ್ಮ ನಮ್ಮ ಆಮೆಯ ಅಣ್ಣನಿಗೋ ತಮ್ಮನಿಗೋ ಉದ್ದ ಕತ್ತು, ಕಿತ್ತಳೆ ಕೊಕ್ಕು ಅಂಟಿಸಿ ಹಳದಿ ಬಳಿದು ನಿಲ್ಲಿಸಿದ್ದಾನೆ. ಕೆಳಗೆ ತೂರಿ ಮಲಗಿ ನೋಡಿದೆ. ಗೇರ್‌ಬಾಕ್ಸ್ ಇದೆ, ಸೀಲೂ ಒಡೆದಿಲ್ಲ. ಒಂದು ಪುಟ್ಟ ಹುಡುಗಿ ಬಗ್ಗಿ ನೋಡಿ, “ತಾತಾ, ಮೊಟ್ಟೆ ಹುಡುಕ್ತಿದ್ದೀರಾ?” ಅಂದಳು. ಹೂಂ ಅಂದೆ.

ಇನ್ನು ಪಾರ್ಕಿನ ಮ್ಯಾನೇಜರನ್ನು ಒಪ್ಪಿಸಬೇಕು.

ಇಂತಿ,
ಗ್ಯಾರೇಜಿನವ


ಏಪ್ರಿಲ್ ೨೮

ಮಾವನವರಿಗೆ,

ನಿಮ್ಮ ಕಾಗದವನ್ನು ಲಸಿಕೆಯ ಸಾಲಿನ ಮುಂದೆ ನಿಂತೇ ಓದಿಬಿಟ್ಟೆ. ಮೊಟ್ಟೆಯ ಮಾತು ಬಂದಾಗ ಜೋರಾಗಿ ನಕ್ಕೆ. ಸೂಜಿಗೆ ಹೆದರಿ ಅಳುತ್ತಿದ್ದ ಮಗುವೊಂದು ಅಳು ನಿಲ್ಲಿಸಿ ನನ್ನನ್ನೇ ನೋಡಿತು. ಆ ಸಂದಿಯಲ್ಲಿ ಚುಚ್ಚಿದೆ.

ಟೈಲರಮ್ಮನಿಗೆ ನನ್ನ ನಮಸ್ಕಾರ. ಅವರ ಯಂತ್ರವನ್ನು ಬೇಗ ಮುಗಿಸಿಕೊಡಿ, ಪಾಪ.

ಇಂತಿ,
ಬುಗುರಿ


ಮೇ ೭

ಅಮ್ಮಾ,

ಗೇರ್ ಸಿಕ್ಕಿತು. ಈ ಕಾಗದದ ಜೊತೆಗೇ ಪಾರ್ಸಲ್ ಹಾಕುತ್ತಿದ್ದೇನೆ.

ಮ್ಯಾನೇಜರ್ ಎಳೆಯ ವಯಸ್ಸಿನವನು, ಕೋಟು ಹಾಕಿಕೊಳ್ಳುತ್ತಾನೆ. “ಬಾತುಕೋಳಿಯೊಳಗೆ ಗೇರ್ ಇದೆಯಾ?” ಎಂದು ಅವನಿಗೇ ಆಶ್ಚರ್ಯ. ಮೊದಲು ಆಗಲ್ಲ ಅಂದ. ಮೇಲಿನವರನ್ನು ಕೇಳಬೇಕು ಅಂದ. ಟೈಲರಮ್ಮ ಅಷ್ಟು ಹೊತ್ತೂ ಅವನ ದೋಣಿಗಳ ಹರಿದ ಸೀಟುಗಳನ್ನೇ ನೋಡುತ್ತಿದ್ದರು. “ನಿಮ್ಮ ಆರು ದೋಣಿ ಸೀಟಿಗೆ ಕವರ್ ಹೊಲಿದು ಕೊಡ್ತೀನಪ್ಪ. ಇವರಿಗೆ ಬೇಕಾಗಿರೋ ಆ ಒಂದು ತುಂಡು ಕೊಟ್ಟುಬಿಡು” ಅಂದರು. ಅವನು ಕರಗಿದ. ಪಾರ್ಕು ತೆರೆಯುವ ಮೊದಲೇ ಕೆಲಸ ಮುಗಿಸಬೇಕು, ಒಂದೇ ಒಂದು ಭಾಗ ತೆಗೆಯಬೇಕು, ಬಾತುಕೋಳಿ ವಾಲಬಾರದು ಎಂದು ಷರತ್ತು ಹಾಕಿದ.

ಹೊರಗೆ ಬಂದ ಮೇಲೆ ನಾನು ಕೇಳಿದೆ: ನಿಮ್ಮ ಯಂತ್ರ ನನ್ನ ಮೇಜಿನ ಮೇಲೆ ಚೂರುಚೂರಾಗಿ ಬಿದ್ದಿದೆಯಲ್ಲ, ಹೊಲಿಯುವುದು ಹೇಗೆ? “ಕೈಯಲ್ಲಿ” ಅಂದರು.

ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದೆ. ಕೆಂಪು ಶಾಯಿಯ ಎಡ. ಎಡದ್ದನ್ನೇ ತೆಗೆದೆ. ಒಂದು ಹಲ್ಲೂ ಸವೆದಿಲ್ಲ. ಬಾತುಕೋಳಿ ಹುಟ್ಟಿದಾಗಿನಿಂದ ತಿರುಗಿದ್ದರೆ ತಾನೆ ಸವೆಯುವುದು.

ಇಂತಿ,
ಗ್ಯಾರೇಜಿನವ


ಮೇ ೧೬

ಮಾವಾ,

ಪಾರ್ಸಲ್ ಬಂತು. ಎಣ್ಣೆ ಕಾಗದ ಬಿಡಿಸಿದೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮುರಿದ ಗೇರನ್ನು ತಂದು ಅದರ ಪಕ್ಕದಲ್ಲಿಟ್ಟೆ. ಹಲ್ಲು ಉದುರಿದ್ದರೂ ಬುಡದ ಗುರುತು ಉಳಿದಿತ್ತು. ಎರಡರ ಓರೆಯೂ ಒಂದಕ್ಕೊಂದು ಎದುರು. ಜೋಡಿಸಿದರೆ ಕೈಮುಗಿದ ಹಾಗೆ ಕಾಣುತ್ತದೆ.

ನೀವು ಕಳಿಸಿರುವುದು ಬಲಗಡೆಯದು.

ನಾನು ಸೀಟಿನಲ್ಲಿ ಕೂತು ಎಡ ಎಂದೆ. ನೀವು ಎಲ್ಲಿ ನಿಂತು ಎಡ ಎಂದಿರಿ? ಕೇಳಬೇಕಾಗಿಯೇ ಇಲ್ಲ. ಎದುರು ನಿಂತು. ಜೀವಮಾನವೆಲ್ಲ ಗಾಡಿಗಳ ಎದುರು ನಿಂತು ಮುಚ್ಚಳ ಎತ್ತಿದವರು ನೀವು. ನನಗೆ ಕಲಿಸುವಾಗಲೂ ಮೂತಿಯ ಮುಂದೆ ನಿಂತು ಹಿಂದಕ್ಕೆ ಹಿಂದಕ್ಕೆ ನಡೆಯುತ್ತ “ಎಡಕ್ಕೆ, ಎಡಕ್ಕೆ!” ಎಂದು ಕೂಗುತ್ತಿದ್ದಿರಿ. ನಾನು ನನ್ನ ಎಡಕ್ಕೆ ತಿರುಗಿಸಿ ಬೇಲಿಗೆ ನುಗ್ಗಿಸುತ್ತಿದ್ದೆ. ಅತ್ತೆ ಅಡುಗೆಮನೆಯ ಕಿಟಕಿಯಲ್ಲಿ ನಿಂತು, “ಯಾರ ಎಡ ಅಂತ ಮೊದಲು ತೀರ್ಮಾನ ಮಾಡ್ಕೊಳ್ರಪ್ಪಾ” ಎಂದು ನಗುತ್ತಿದ್ದರು. ಅವರು ಇದ್ದಷ್ಟು ದಿನ ಆ ಮನೆಯಲ್ಲಿ ಎಲ್ಲದಕ್ಕೂ ಒಂದು ನಗು ಇತ್ತು.

ಈ ಸಲ ನನಗೆ ನಗು ಬರಲಿಲ್ಲ. ಗೇರನ್ನು ಮಡಿಲಲ್ಲಿಟ್ಟುಕೊಂಡು ಶೆಡ್ಡಿನಲ್ಲಿ ಕೂತಿದ್ದೆ. ಬೇಡವೆಂದರೂ ಇನ್ನೊಂದು ದಿನ ನೆನಪಿಗೆ ಬಂತು. ನನ್ನ ಮತ್ತು ನಿಮ್ಮ ಮಗನ ವಿಷಯ ಮಾತಾಡಲು ಹಿರಿಯರೆಲ್ಲ ಸೇರಿದ ದಿನ. ಎರಡು ಕುರ್ಚಿ ಖಾಲಿ ಇದ್ದವು, ಒಂದು ನನ್ನ ಪಕ್ಕದಲ್ಲಿ, ಒಂದು ಎದುರಿಗೆ ನಿಮ್ಮ ಮಗನ ಪಕ್ಕದಲ್ಲಿ. ನೀವು ಬಂದಿರಿ, ಅವರ ಪಕ್ಕದಲ್ಲಿ ಕೂತಿರಿ. ಕೊನೆಯವರೆಗೂ ಒಂದು ಮಾತು ಆಡಲಿಲ್ಲ.

ಗೇರಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಬರೆದುಬಿಟ್ಟಿದ್ದೇನೆ, ಹೊಡೆದುಹಾಕುವುದಿಲ್ಲ.

ಇಂತಿ,
ಸಿಸ್ಟರ್


ಜೂನ್ ೧

ಮಾವನವರಿಗೆ,

ನಿಮ್ಮಿಂದ ಉತ್ತರವಿಲ್ಲ. ನನ್ನ ಕಾಗದದ ಕೊನೆಯ ಭಾಗವನ್ನು ಓದಿ ನೊಂದುಕೊಂಡಿರಬಹುದು. ನೋಯಿಸಬೇಕೆಂದು ಬರೆಯಲಿಲ್ಲ ಎಂದರೆ ಪೂರ್ತಿ ನಿಜವಾಗುವುದಿಲ್ಲ.

ಪರೀಕ್ಷೆಯ ದಿನ ಗೊತ್ತಾಗಿದೆ, ಜೂನ್ ಹದಿನೆಂಟು. ಆಚೆಯ ಕೇಂದ್ರದ ಔಷಧಿಗಳನ್ನು ಪಟ್ಟಿಮಾಡಿ ಡಬ್ಬಗಳಿಗೆ ತುಂಬಲು ಹೇಳಿದ್ದಾರೆ. ಪಟ್ಟಿ ಮಾಡಿದ್ದೇನೆ. ತುಂಬಿಲ್ಲ.

ನಿಮ್ಮ ಗೇರನ್ನು ಎಣ್ಣೆ ಕಾಗದದಲ್ಲಿ ಸುತ್ತಿ ತಲೆದಿಂಬಿನ ಪಕ್ಕದ ಮೇಜಿನ ಮೇಲಿಟ್ಟಿದ್ದೇನೆ. ಯಾವ ಕೆಲಸಕ್ಕೂ ಬಾರದಿದ್ದರೂ ಅದು ಚೆಂದವಿದೆ.

ಇಂತಿ,
ಸಿಸ್ಟರ್


ಜೂನ್ ೯

ಮಗಳೇ,

ಮುನಿಸಿನಿಂದ ಸುಮ್ಮನಿದ್ದೆ ಅಂದುಕೊಳ್ಳಬೇಡ. ಬಾತುಕೋಳಿಯ ಹಿಂದೆ ಬಿದ್ದಿದ್ದೆ.

ಮೊದಲು ಎಡ-ಬಲದ ಮಾತು ಮುಗಿಸುತ್ತೇನೆ. ಗಾಡಿಯ ಎಡ ಎಂದರೆ ಸೀಟಿನಲ್ಲಿ ಕೂತವರ ಎಡ. ಇದು ನನಗೆ ಗೊತ್ತಿಲ್ಲವೇ? ಬೇರೆ ಯಾರು ಬರೆದಿದ್ದರೂ ಹಾಗೇ ತೆಗೆಯುತ್ತಿದ್ದೆ. ಆದರೆ ಬರೆದವಳು ನೀನು. ನೀನು ಬೇಲಿ ಮುರಿದ ದಿನ ನಿನ್ನ ಅತ್ತೆ ಕಿಟಕಿಯಿಂದ ನಕ್ಕದ್ದಷ್ಟೇ ನಿನಗೆ ನೆನಪಿದೆ. ಆಮೇಲೆ ಸೌಟು ಹಿಡಿದುಕೊಂಡೇ ಅಂಗಳಕ್ಕೆ ಬಂದು ತೀರ್ಪು ಕೊಟ್ಟದ್ದು ಮರೆತಿದ್ದೀಯ. “ಇವತ್ತಿಂದ ನೀವಿಬ್ಬರು ಮಾತಾಡುವಾಗ ಮಾವನ ಎಡವೇ ಎಡ. ಇನ್ನು ಬೇಲಿ ಮುರಿದರೆ ಇಬ್ಬರಿಗೂ ಊಟ ಇಲ್ಲ.” ಆಮೇಲೆ ನೀನು ನನ್ನ ಹತ್ತಿರ ಎಡ ಎಂದಾಗಲೆಲ್ಲ ಅದು ನನ್ನ ಎಡವೇ ಆಗಿರುತ್ತಿತ್ತು. ಬೇಲಿ ಮತ್ತೆ ಮುರಿಯಲಿಲ್ಲ. ಕೆಂಪು ಶಾಯಿ ನೋಡಿದಾಗ ಒಪ್ಪಂದ ನಿನಗೆ ನೆನಪಿದೆ ಅಂದುಕೊಂಡೆ. ಬಾತುಕೋಳಿಯ ಕೊಕ್ಕಿನ ಮುಂದೆ ನಿಂತು ನನ್ನ ಎಡದ್ದನ್ನು ಬಿಚ್ಚಿದೆ. ಬಿಚ್ಚುವಾಗ ಅವಳ ಸೌಟು ನೆನಪಾಗಿ ಖುಷಿಯಾಗಿತ್ತು ಕೂಡ.

ಇನ್ನು ಆ ಕುರ್ಚಿ. ಪಕ್ಕದಲ್ಲಿ ಕೂತವನ ಮುಖ ಕಾಣುವುದಿಲ್ಲ, ಎದುರಿಗೆ ಕೂತವರದು ಕಾಣುತ್ತದೆ. ನಾನು ಕುರ್ಚಿ ಆರಿಸಿಕೊಂಡದ್ದು ಹಾಗೆ. ಗಾಡಿಯ ಮುಂದೆ ನಿಲ್ಲುವುದೂ ಅದಕ್ಕೇ. ಹಿಂದೆ ನಿಂತರೆ ಓಡಿಸುವವರ ಬೆನ್ನು ಮಾತ್ರ ಕಾಣುತ್ತದೆ, ಹೆದರಿದ್ದಾರೋ ಇಲ್ಲವೋ ಗೊತ್ತಾಗುವುದಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಈಗ ಮುಖ್ಯ ವಿಷಯ. ಮ್ಯಾನೇಜರ್ ಎರಡನೆಯ ಸಲ ಕಡ್ಡಿ ಮುರಿದ ಹಾಗೆ ಇಲ್ಲ ಅಂದ. ಒಂದು ಅಂದ್ರೆ ಒಂದೇ ಅಂದ. ಟೈಲರಮ್ಮ ಆರು ದೋಣಿಗಳಿಗೆ ಒಪ್ಪಿಕೊಂಡಿದ್ದ ಕವರನ್ನು ಪಾರ್ಕಿನ ಅಷ್ಟೂ ದೋಣಿಗಳಿಗೆ ಏರಿಸಿದರು. ಅವನು ಅಲ್ಲಾಡಲಿಲ್ಲ. ಮೇಲಿನವರನ್ನು ಕಾಣಲು ದಿನಾ ಹೋಗಿ ಕೂತೆ. ಕೊನೆಗೆ ಒಬ್ಬರು ಹೊರಗೆ ಬಂದು, “ಬಾತುಕೋಳಿಯ ಬಣ್ಣ ಕಿತ್ತುಬರ್ತಿದೆ, ಎತ್ತಿಸಿ ಬೇರೆ ಏನಾದ್ರೂ ಇಡೋಣ ಅಂತಿದ್ದೀವಿ. ಕವರ್ ಹೊಲಿದುಕೊಟ್ಟು ಬೇಕಾದ್ರೆ ಇಡೀ ಬಾತುಕೋಳಿನೇ ತಗೊಂಡು ಹೋಗಿ” ಅಂದರು.

ಟೈಲರಮ್ಮ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ.

ಇನ್ನು ಎಡ ಬಲದ ಗೊಡವೆಯೇ ಬೇಡ. ಕೊಕ್ಕಿನಿಂದ ಬಾಲದ ತನಕ ಇಡೀ ಬಾತುಕೋಳಿಯನ್ನೇ ಲಾರಿಯಲ್ಲಿ ಹೇರಿಕೊಂಡು ಹದಿನಾಲ್ಕಕ್ಕೆ ಬರುತ್ತಿದ್ದೇನೆ. ಶೆಡ್ಡಿನ ಬಾಗಿಲು ಎಷ್ಟು ಎತ್ತರವಿದೆ ನೋಡಿರು. ಕತ್ತು ಉದ್ದವಿದೆ.

ಇಂತಿ,
ಮಾವ


ಜೂನ್ ೨೭

ಮಾವಾ,

ನೀವು ಬಸ್ಸು ಹತ್ತಿದ ನಾಲ್ಕು ದಿನಕ್ಕೆ ಆದೇಶ ಬಂತು. ಆಮೆ ಓಡುವಷ್ಟು ಕಾಲ ಆಚೆಯ ಕೇಂದ್ರವೂ ಇರುತ್ತದೆ! ಸಹಾಯಕಿ ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿದಳು. ಅಜ್ಜಿಗೆ ಕಿವಿ ಮಂದ ಎಂದು ಅವರಿಗಾಗಿ ಇನ್ನೊಮ್ಮೆ ಓದಿದಳು. “ಮೊದಲನೇ ಸಲವೇ ಕೇಳಿಸ್ತು. ಎರಡು ಸಲ ಕೇಳೋಣ ಅನ್ನಿಸ್ತು” ಅಂದರು ಅಜ್ಜಿ.

ನೀವು ಇಲ್ಲಿ ಕಂಡದ್ದನ್ನು ನಾನು ಬರೆಯಬೇಕಾಗಿಲ್ಲ. ಲಾರಿಯ ಮೇಲೆ ಹಳದಿ ಕತ್ತು ಬೀದಿಯ ತಿರುವಿನಲ್ಲಿ ಕಾಣಿಸಿದ್ದು, ಅದರ ಹಿಂದೆ ಶಾಲೆಗೆ ಶಾಲೆಯೇ ಓಡಿಬಂದದ್ದು, ನಾವಿಬ್ಬರೂ ಗೇರ್‌ಬಾಕ್ಸಿನ ಮೇಲೆ ಬಗ್ಗಿ ತಲೆಗೆ ತಲೆ ಡಿಕ್ಕಿ ಹೊಡೆದದ್ದು. ಗೇರ್ ಕೂತಾಗ ಬಂದ ಆ ಸಣ್ಣ ಕಟ್ ಎಂಬ ಸದ್ದು. ಅದಕ್ಕೆ ಸಮನಾದ ಸಾಲನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಆದರೆ ಪರೀಕ್ಷೆಯ ದಿನ ನಿಮ್ಮನ್ನು ಗಾಡಿಗೆ ಹತ್ತಿಸಿಕೊಳ್ಳಲು ಅಧಿಕಾರಿಗಳು ಬಿಡಲಿಲ್ಲವಲ್ಲ, ದಡದಿಂದಾಚೆ ಏನಾಯಿತೆಂದು ನಿಮಗೆ ತಿಳಿಯದು. ಹೊರಡುವ ಗಡಿಬಿಡಿಯಲ್ಲಿ ನಾನೂ ಸರಿಯಾಗಿ ಹೇಳಲಿಲ್ಲ. ಈಗ ಹೇಳುತ್ತೇನೆ.

ಹೋಗುವಾಗ ಅಧಿಕಾರಿ ಎರಡು ಕೈಯಲ್ಲೂ ಗಾಡಿಯ ಅಂಚು ಹಿಡಿದುಕೊಂಡು ಕೂತಿದ್ದರು. ಕಾಲುವೆಯ ಕಂಬಗಳು ಬಂದವು. ನಾನು ಎಡ ಲಿವರ್ ಎಳೆದೆ. ಕಲ್ಲು ಅಗಿಯುವ ಸದ್ದಿಗೆ ಮೈಯೆಲ್ಲ ಕಿವಿಯಾಗಿ ಕಾದೆ. ಸದ್ದೇ ಇಲ್ಲ. ಮಗ್ಗುಲು ಬದಲಿಸಿ ಮಲಗುವ ಮಗುವಿನ ಹಾಗೆ ಆಮೆ ಎಡಕ್ಕೆ ಹೊರಳಿತು. ಕಂಬಕ್ಕೂ ನಮಗೂ ಒಂದು ಮೊಳ ಜಾಗ ಬಿಟ್ಟು ಹಾದುಹೋದೆವು.

ಆಚೆ ದಡದಲ್ಲಿ ಊರೆಲ್ಲ ನಿಂತಿತ್ತು. “ಎಲ್ಲರೆದುರು ತಿರುಗಿಸಿ ನೋಡೋಣ” ಅಂದರು ಅಧಿಕಾರಿ. ತಿರುಗಿಸಿದೆ. “ಇನ್ನೊಂದ್ಸಲ.” ತಿರುಗಿಸಿದೆ. ಮೂರನೆಯ ಸಲ ಕೇಳಿದಾಗ ಅವರ ದನಿಯಿಂದಲೇ ಅರ್ಥವಾಯಿತು, ಅದು ಪರೀಕ್ಷೆಯಾಗಿ ಉಳಿದಿರಲಿಲ್ಲ, ಅವರಿಗೆ ಮಜಾ ಬರುತ್ತಿತ್ತು! ಕೆಸರು ಹಾರಿ ಅವರ ಫೈಲಿನ ಮೇಲೆಲ್ಲ ಬಿತ್ತು. ಅಜ್ಜಿ ಜಗಲಿಯಿಂದ, “ಸಿಸ್ಟರಮ್ಮಾ, ಬುಗುರಿ ಕೊನೆಗೂ ಉಲ್ಟಾ ತಿರುಗ್ತಲ್ಲೇ!” ಎಂದು ಕೂಗಿದರು.

ಬರುವಾಗ ಬಿಸಿಲು ಇಳಿದು ನೀರಿನ ಮೇಲೆಲ್ಲ ಬೆಂಕಿ ಹಚ್ಚಿದ ಹಾಗಿತ್ತು. ಕಣ್ಣು ಬಿಡಲಾಗಲಿಲ್ಲ, ಕಂಬಗಳು ಎಲ್ಲಿ ಹೋದವೋ ಕಾಣಲಿಲ್ಲ. ಆಗ ಕಂಡದ್ದು ನೀವು. ಪ್ಯಾಂಟು ಮಡಚಿಕೊಂಡು, ಮೊಣಕಾಲಿನವರೆಗೆ ನೀರಿನಲ್ಲಿ, ನನಗೆ ಎದುರಾಗಿ ನಿಂತಿದ್ದಿರಿ. ಬಲಗೈ ಎತ್ತಿದಿರಿ. ನಾನು ಎಡ ಲಿವರ್ ಎಳೆದೆ.

“ಅವರು ಬಲಗೈ ತೋರಿಸ್ತಿದ್ದಾರಲ್ಲ, ನೀವು ಎಡಕ್ಕೆ ತಿರುಗಿಸ್ತಿದ್ದೀರಿ!” ಅಧಿಕಾರಿ ಗಾಬರಿಯಾದರು.

“ಅವರು ನಮ್ಮ ಮಾವ, ಸರ್. ಅವರು ಹೇಗೆ ತೋರಿಸ್ತಾರೆ ಅನ್ನೋದು ನನಗೆ ಗೊತ್ತು” ಅಂದೆ.

ಹೇಳಿದ ಮೇಲೆ ಆ ಮಾತು ನನ್ನ ಕಿವಿಗೇ ಬಿತ್ತು. ಹಿಂದಕ್ಕೆ ತೆಗೆದುಕೊಳ್ಳಬೇಕು ಅನ್ನಿಸಲಿಲ್ಲ. ಅಷ್ಟರಲ್ಲಿ ಕಂಬಗಳು ಹಿಂದೆ ಉಳಿದಿದ್ದವು. ಹತ್ತಿರ ಬರುತ್ತಿದ್ದ ಹಾಗೆ ನಿಮ್ಮ ಮುಖ ಕಾಣಿಸಿತು. ನಾನು ಹೆದರಿದ್ದೇನೋ ಇಲ್ಲವೋ ಎಂದು ನೋಡುತ್ತಿದ್ದಿರಿ. ಇಲ್ಲ ಮಾವಾ. ಆಗ ಹೆದರಿರಲಿಲ್ಲ.

ಬಾತುಕೋಳಿಯ ತಲೆಯನ್ನು ಆಚೆಯ ಕೇಂದ್ರದ ಬಾಗಿಲ ಮೇಲೆ ಕೂರಿಸಿದ್ದೇವೆ. ಉಳಿದ ಬಿಡಿಭಾಗಗಳೆಲ್ಲ ಎಣ್ಣೆ ಸವರಿಸಿಕೊಂಡು ಶೆಡ್ಡಿನ ಕಪಾಟಿನಲ್ಲಿವೆ. ಪ್ರತಿಯೊಂದಕ್ಕೂ ಚೀಟಿ ಅಂಟಿಸಿದ್ದೇನೆ. ‘ಎಡ’ ಎಂದು ಬರೆದ ಕಡೆಯೆಲ್ಲ ಪಕ್ಕದಲ್ಲಿ ‘ನನ್ನದು’ ಅಥವಾ ‘ಮಾವನದು’ ಎಂದು ಸೇರಿಸಿದ್ದೇನೆ.

ಲಾರಿಯ ಎರಡನೆಯ ಸಾಲನ್ನು ಹುಡುಕುವುದನ್ನು ಬಿಟ್ಟೆ. ಆ ಹಲಗೆ ಖಾಲಿಯೇ ಇರಲಿ. ಮೊದಲನೆಯ ಸಾಲು ಈಗ ನಮಗೆ ಹೊಂದುವುದಿಲ್ಲ.

ಇಂತಿ,
ಸೊಸೆ


ಜುಲೈ ೬

ಮಗಳೇ,

ಆದೇಶದ ಸುದ್ದಿ ಓದಿದೆ. ಹಲ್ಲಿಲ್ಲದ ಹಳೆಯ ಗೇರನ್ನು ನನ್ನ ಚೀಲದೊಳಗೆ ಕದ್ದು ಇಟ್ಟಿದ್ದೀಯ, ಊರಿಗೆ ಬಂದ ಮೇಲೆ ನೋಡಿದೆ. ಕಿಟಕಿಯಲ್ಲಿಟ್ಟಿದ್ದೇನೆ. ಕಾಗದ ಹಾರದ ಹಾಗೆ ಅದನ್ನೇ ಭಾರಕ್ಕೆ ಇಡುತ್ತೇನೆ. ನಿನ್ನ ಕಾಗದಗಳೆಲ್ಲ ಅದರ ಕೆಳಗೇ ಇವೆ.

ಆಮೆಗೆ ತಿಂಗಳಿಗೊಮ್ಮೆ ಎಣ್ಣೆ ಬದಲಿಸು. ಚೈನು ಸಡಿಲ ಬಿಡಬೇಡ. ನೀರು ಏರುವ ಮೊದಲು ಬಂದು ಒಂದು ಸಲ ಎಲ್ಲ ಬಿಚ್ಚಿ ನೋಡುತ್ತೇನೆ. ಬರಲೇ ಎಂದು ಕೇಳುತ್ತಿಲ್ಲ, ಬರುತ್ತೇನೆ ಎಂದು ಹೇಳುತ್ತಿದ್ದೇನೆ.

ಇಂತಿ,
ಮಾವ

ಬರೆಯಲು ಮರೆತಿದ್ದೆ. ನಿನ್ನ ಕಾಗದ ಬಂದಾಗ ಹೊಸ್ತಿಲಲ್ಲೇ ನಿಂತು ಓದುತ್ತಿದ್ದೆ. ಒಬ್ಬನೇ ನಗುತ್ತಿದ್ದೆನೋ ಏನೋ, ಟೈಲರಮ್ಮ ಬಂದು ಬಾಗಿಲಲ್ಲಿ ನಿಂತರು. ಪಾರ್ಕಿನ ಕವರುಗಳನ್ನು ಹೊಲಿದೂ ಹೊಲಿದೂ ಹತ್ತು ಬೆರಳಿಗೂ ಬಟ್ಟೆ ಸುತ್ತಿಕೊಂಡಿದ್ದರು. ಅವರಿಗೂ ಎಲ್ಲ ಓದಿ ಹೇಳಿದೆ, ಲಾರಿಯ ಸಾಲಿನಿಂದ ಹಿಡಿದು ಅಧಿಕಾರಿಯ ಫೈಲಿನ ತನಕ. ಬಾಗಿಲಿಗೆ ಒರಗಿಕೊಂಡು ಪೂರ್ತಿ ಕೇಳಿದರು. ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು ಕೂಡ. ಆಮೇಲೆ ನನ್ನ ಹೆಗಲ ಮೇಲಿಂದ ಒಳಗೆ ಬಗ್ಗಿ, ಮೇಜಿನ ಮೇಲೆ ಮಾರ್ಚಿನಿಂದ ಹರಡಿಕೊಂಡಿರುವ ತಮ್ಮ ಯಂತ್ರವನ್ನು ನೋಡಿ ಅಂದರು:

“ಆರು ಚಕ್ರದ್ದು ದಡ ಮುಟ್ತಲ್ಲ ಯಜಮಾನ್ರೇ, ಸಂತೋಷ. ತಿರುಗೋದು ಬಂತು ಅಂತೀರಿ. ಹಾಗಾದ್ರೆ ಒಂಚೂರು ಈ ಕಡೆನೂ ತಿರುಗಿ. ನಂದು ಒಂದೇ ಚಕ್ರ.”